ಹುಂಜದ ರಕ್ತ ಹೇಳಿದ ಮಾತು

ಮಲ್ಕಾಜ್‌ಗಿರಿ, ಹೈದರಾಬಾದ್
ಮಂಗಳವಾರ, 3 ಜುಲೈ 2012

ಚಿರಂಜೀವಿ ಝಾನ್ಸಿಗೆ,

ಕ್ಷೇಮಸಮಾಚಾರ ಆಮೇಲೆ. ಮೊದಲು ಈ ಕಾಗದ ಕೆಳಗಿಟ್ಟು ಡಬ್ಬದೊಳಗಿನ ಬಾಟಲಿಯನ್ನು ಫ್ರಿಜ್ಜಿಗೆ ಸೇರಿಸು. ಮೇಲಿನ ಅರೆಯಲ್ಲಲ್ಲ, ನಡುವಿನದರಲ್ಲಿ. ಮಂಜುಗಡ್ಡೆ ತಾಗಿದರೆ ರಕ್ತ ಒಡೆದು ಕೆಂಪು ನೀರಾಗುತ್ತದೆ. ಇಟ್ಟೆಯಾ? ಈಗ ಕೂತು ಓದು.

ಇದು ಹದಿನಾಲ್ಕನೇ ನಂಬರಿನ ಹುಂಜದ್ದು. ಅವನಿಗೆ ನಾನಿಟ್ಟ ಹೆಸರು ದೊರೆ. ಕಾಳು ಹಾಕಲು ಹೋದರೂ ನನ್ನನ್ನು ಆಳಿನ ಹಾಗೆ ಮೇಲಿಂದ ಕೆಳಗೆ ನೋಡುತ್ತಾನೆ. ಆದರೆ ರೆಕ್ಕೆ ಬಿಡಿಸಿ ಸೂಜಿ ಇಡುವಾಗ ಮಾತ್ರ ಮಿಸುಕುವುದಿಲ್ಲ. ಮೂವತ್ತೆಂಟು ವರ್ಷದಲ್ಲಿ ಇಂಥ ಪಕ್ಷಿ ನಾಲ್ಕೋ ಐದೋ ನನ್ನ ಕೈಗೆ ಬಂದಿವೆ.

ತುರ್ಕಪಲ್ಲಿಯ ಹೊಸ ಕಂಪನಿಗೆ ಪ್ರತಿ ಮಂಗಳವಾರ ಕೋಳಿ ರಕ್ತ ಬೇಕಂತೆ ಎಂದು ನಮ್ಮ ಡಾಕ್ಟರು ಹೇಳಿದಾಗ, ಅಲ್ಲಿ ಕೆಲಸಕ್ಕೆ ಸೇರಿದ ಹುಡುಗಿ ನನ್ನ ತಂಗಿ ಮಗಳು ಅಂತ ನಮ್ಮ ಸರ್ಕಾರಿ ಲ್ಯಾಬಿನ ಇಡೀ ಪ್ರಾಣಿಮನೆಗೆ ಸಾರಿಬಿಟ್ಟೆ. ರಿಟೈರಾದ ಮೇಲೂ ದಿನಗೂಲಿಗೆ ಬರುವ ಮುದುಕಿಗೆ ಇಷ್ಟಾದರೂ ಜಂಬ ಬೇಡವೇ? ನಿಮ್ಮ ವ್ಯಾನಿನ ಇಸ್ಮಾಯಿಲ್ ಭಾಯಿಗೂ ಹೇಳಿದೆ, "ಭಾಯಿ, ಡಬ್ಬದ ಮುಚ್ಚಳದಡಿ ಒಂದು ಕಾಗದ ಇರುತ್ತೆ, ಅದೂ ಸಾಮಾನೇ" ಅಂತ. ಅವರು, "ಅಮ್ಮಾ, ರಕ್ತದ ಜೊತೆ ಪ್ರೇಮಪತ್ರನಾ?" ಅಂದರು.

ಫೋನು ಮಾಡಬೇಡ. ಕೋಳಿಗಳ ಕೂಗಿನಲ್ಲಿ ನನ್ನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿ ಯಾರಾದರೂ ಹತ್ತಿರ ಬಂದು ಕೂಗಿದರೆ ಉಂಟು. ಬಾಟಲಿಗಳ ಮೇಲಿನ ಚೀಟಿ ನೋಡಿ ಅಕ್ಷರ ಕಲಿತವಳು ನಾನು. ಬರೆದರೆ ಎಲ್ಲ ತಿಳಿಯುತ್ತದೆ.

ಈ ವಾರ ಬೋನಾಲು ಹಬ್ಬ. ಪಕ್ಕದ ಬೀದಿಯ ಪೋಚಮ್ಮ ದೇವಿಗೆ ಕೋಳಿ ಹರಕೆ ಹೊತ್ತವರು ಯಾರೋ, "ಬಾಲಮಣಕ್ಕಾ, ನಿಮ್ಮಲ್ಲಿ ಬಿಳಿ ಹುಂಜ ಇವೆಯಂತಲ್ಲ" ಅಂತ ಹಲ್ಲು ಕಿರಿದುಕೊಂಡು ಬಂದಿದ್ದರು. "ಅವು ಸರ್ಕಾರದ ನೌಕರರು, ರಜೆ ಸಿಗಲ್ಲ" ಅಂದು ಕಳಿಸಿದೆ.

ನಿನ್ನ ಪೆದ್ದಮ್ಮ,
ಬಾಲಮಣಿ

*

ತುರ್ಕಪಲ್ಲಿ
ಮಂಗಳವಾರ, 10 ಜುಲೈ 2012

ಪೆದ್ದಮ್ಮಾ,

ನಿನ್ನ ದೊರೆಗೆ ನನ್ನ ದೊಡ್ಡ ನಮಸ್ಕಾರ. ಅವನ ರಕ್ತದಲ್ಲಿ ನಮ್ಮ ಮೊದಲನೇ ಸರಕನ್ನು ಪರೀಕ್ಷೆ ಮಾಡಿದೆವು. ಗುಳಿತಟ್ಟೆಯ ಒಂದೊಂದು ಗುಳಿಯಲ್ಲೂ ಎಂಥ ಚೆಂದದ ಜಾಲ! ನಮ್ಮ ಲ್ಯಾಬಿನ ಮುಖ್ಯಸ್ಥರು ಕರುಣಾಕರ್ ಸಾರ್ ನಗುವುದನ್ನು ನಾನು ನೋಡಿದ್ದು ಅವತ್ತೇ ಮೊದಲು.

ಕಾಯಿಲೆಯ ವೈರಸ್ಸೇ ಇಲ್ಲದೆ ಅದರ ಕೈ ಹೇಗೆ ಮಾಡುತ್ತೀರಿ ಅಂತ ನೀನು ಕೇಳುತ್ತಿದ್ದೆಯಲ್ಲ, ಹೇಳುತ್ತೇನೆ ಕೇಳು. ಫ್ಲೂ ವೈರಸ್ಸಿನ ಮೈಮೇಲೆ ಪುಟ್ಟ ಪುಟ್ಟ ಕೈಗಳಿರುತ್ತವೆ, ಅವುಗಳಿಂದಲೇ ಅದು ನಮ್ಮ ಗಂಟಲನ್ನು ಹಿಡಿಯುವುದು. ಆ ಕೈಯನ್ನು ಮಾಡುವ ಬರಹವನ್ನಷ್ಟೇ ತೆಗೆದುಕೊಂಡು ಕಂಬಳಿಹುಳುವಿನ ಒಂದು ವೈರಸ್ಸಿನೊಳಗೆ ಸೇರಿಸುತ್ತೇವೆ. ಅದನ್ನು ಪತಂಗದ ಜೀವಕೋಶಗಳಿಗೆ ಬಿಡುತ್ತೇವೆ. ಗಾಜಿನ ಬುರುಡೆಯಲ್ಲಿ ಮೂರು ದಿನ ಕುಲುಕಾಡಿಸಿದರೆ ಆ ಪೆದ್ದು ಕೋಶಗಳು ತಮ್ಮದೇ ಕೆಲಸ ಅಂದುಕೊಂಡು ಕೈಗಳನ್ನು ಮಾಡಿ ಮಾಡಿ ತುಂಬಿಸುತ್ತವೆ. ಫ್ಲೂ ಇಲ್ಲ, ಜ್ವರ ಇಲ್ಲ, ಬರೀ ಕೈ. ಅವನ್ನು ಸೋಸಿ ತೊಳೆದರೆ ಬತುಕಮ್ಮ ಹಬ್ಬಕ್ಕೆ ಜೋಡಿಸುವ ಹೂವಿನ ಸುತ್ತಿನ ಹಾಗೆ ಗುಂಪು ಕಟ್ಟುತ್ತವೆ. ಅವು ಬದುಕಿವೆಯೋ ಸತ್ತಿವೆಯೋ ಅಂತ ಹೇಳುವುದು ನಿನ್ನ ಹುಂಜದ ರಕ್ತ. ನೆಟ್ಟಗಿದ್ದರೆ ರಕ್ತಕಣಗಳನ್ನು ಹಿಡಿದು ಜಾಲದಂತೆ ಹರಡುತ್ತವೆ. ಇಲ್ಲದಿದ್ದರೆ ಕಣಗಳು ತಳಕ್ಕೆ ಜಾರಿ ಒಂದು ಕೆಂಪು ಚುಕ್ಕೆಯಾಗಿ ಕೂರುತ್ತವೆ. ಇದು ನಿನಗೆ ನನಗಿಂತ ಚೆನ್ನಾಗಿ ಗೊತ್ತು.

ಈಗ ದೊಡ್ಡ ಸುದ್ದಿ. ಮೊದಲನೆಯದು ಎಚ್ ಒನ್ ಜಾತಿಯದು, ಅದನ್ನು ಸಾರ್ ಮಾಡಿದ್ದರು. ಈಗ ಎಚ್ ತ್ರೀ ಅಂತ ಇನ್ನೊಂದು, ಕಳೆದ ವರ್ಷ ಓಡಾಡಿದ ವೈರಸ್ಸಿನ ಕೈ. ದಿಲ್ಲಿಯ ಒಂದು ಸಂಶೋಧನಾ ತಂಡ ಕೇಳಿದೆ. ವಯಸ್ಸಾದವರ ರಕ್ತದಲ್ಲಿ ಅದನ್ನು ತಡೆಯುವ ಶಕ್ತಿ ಎಷ್ಟಿದೆ ಅಂತ ಅವರು ಅಳೆಯಬೇಕಂತೆ. ಅದನ್ನು ಮೊದಲಿಂದ ಕೊನೆವರೆಗೆ ಮಾಡುವುದು ನಾನೊಬ್ಬಳೇ. ಸರಿಹೋದರೆ ನನ್ನ ಕೆಲಸ ಖಾಯಂ. ಇಲ್ಲದಿದ್ದರೆ ಬತುಕಮ್ಮದ ಹೊತ್ತಿಗೆ ಸಿದ್ದಿಪೇಟೆಗೆ ವಾಪಸ್. ಅಲ್ಲಿ ಅಮ್ಮ ಆಗಲೇ ಕಾನ್ವೆಂಟಿನವರ ಹತ್ತಿರ ಮಾತಾಡಿ ನನಗೆ ಮೂರನೇ ಕ್ಲಾಸಿನ ಟೀಚರ್ ಕೆಲಸ ತೆಗೆದಿಟ್ಟಿದ್ದಾಳೆ.

ಹುಂಜ ಚೆನ್ನಾಗಿರಲಿ.

ನಿನ್ನ ಝಾನ್ಸಿ

*

ತುರ್ಕಪಲ್ಲಿ
ಮಂಗಳವಾರ, 7 ಆಗಸ್ಟ್ 2012

ಪೆದ್ದಮ್ಮಾ,

ಹಿಡಿಯುತ್ತಿಲ್ಲ.

ನಾಲ್ಕು ವಾರದ ಕೆಲಸ. ತೂಕ ಸರಿ ಇದೆ, ಗಾತ್ರ ಸರಿ ಇದೆ, ಚೊಕ್ಕಟವಾಗಿದೆ. ತಟ್ಟೆಗೆ ಹಾಕಿ ಅರ್ಧ ಗಂಟೆ ಬಿಟ್ಟು ನೋಡಿದರೆ ಎಲ್ಲ ಗುಳಿಯಲ್ಲೂ ಕೆಂಪು ಚುಕ್ಕೆ. ತಟ್ಟೆ ಓರೆ ಮಾಡಿದರೆ ಕಣ್ಣೀರಿನ ಹಾಗೆ ಜಾರುತ್ತದೆ.

ರಕ್ತ ಹಳೆಯದಾಗಿತ್ತಾ? ಕೋಳಿಗೆ ಏನಾದರೂ ಲಸಿಕೆ ಕೊಟ್ಟಿದ್ದರಾ? ಬೇಜಾರಾಗಬೇಡ, ಸಾರ್ ಕೇಳು ಅಂದರು, ಅದಕ್ಕೆ ಕೇಳುತ್ತಿದ್ದೇನೆ.

ಝಾನ್ಸಿ

*

ಮಲ್ಕಾಜ್‌ಗಿರಿ
ಮಂಗಳವಾರ, 14 ಆಗಸ್ಟ್ 2012

ಚಿರಂಜೀವಿ ಝಾನ್ಸಿಗೆ,

ಬೇಜಾರು ಯಾಕಾಗಲಿ? ಆಯಿತು ಸ್ವಲ್ಪ, ಹೋಯಿತು. ಇವತ್ತಿನ ರಕ್ತ ಬೆಳಿಗ್ಗೆ ಏಳಕ್ಕೆ ತೆಗೆದದ್ದು, ಇನ್ನೂ ಬಿಸಿ ಆರಿಲ್ಲ ಅನ್ನುವ ಹಾಗಿದೆ. ದೊರೆಗೆ ಯಾವ ಲಸಿಕೆಯೂ ಇಲ್ಲ, ಮದ್ದಿಲ್ಲ, ನೆಗಡಿಯೂ ಇಲ್ಲ. ನಿಮ್ಮ ಸಾರಿಗೆ ಹೇಳು, ಈ ಪ್ರಾಣಿಮನೆಯ ಹುಂಜ ಇವತ್ತಿನವರೆಗೆ ಸುಳ್ಳು ಹೇಳಿಲ್ಲ. ಎಷ್ಟು ಡಾಕ್ಟರುಗಳು ಬಂದರು, ಹೋದರು, ಕೊನೆಗೆ ಎಲ್ಲರೂ ಕೇಳಿದ್ದು "ಬಾಲಮಣೀ, ಕೋಳಿ ಏನಂತು?" ಅಂತಲೇ.

ನಿನ್ನ ಹಳೇ ಎಚ್ ಒನ್ ಸ್ವಲ್ಪ ಉಳಿದಿರಬೇಕಲ್ಲ. ಅದನ್ನೂ ಇದನ್ನೂ ಒಂದೇ ತಟ್ಟೆಯಲ್ಲಿ ಹಾಕು. ಅದು ಹಿಡಿದು ಇದು ಹಿಡಿಯದಿದ್ದರೆ ರಕ್ತದ ತಪ್ಪಲ್ಲ. ಕೇಳಲು ಕಷ್ಟ ಕಂದಾ, ಆದರೆ ಸರಕು ಸತ್ತಿದೆ ಅಂತಲೇ ಅರ್ಥ. ಧೈರ್ಯ ಮಾಡಿ ಇನ್ನೊಂದು ಸಲ ಮಾಡು. ನನ್ನ ಕೈಯಲ್ಲೂ ಎಷ್ಟೋ ಬಾಟಲಿ ಒಡೆದಿವೆ.

ನಿನಗಿಷ್ಟ ಅಂತ ಸರ್ವಪಿಂಡಿ ರೊಟ್ಟಿ ತಟ್ಟಿ ಇಸ್ಮಾಯಿಲ್ ಭಾಯಿ ಕೈಯಲ್ಲಿ ಬೇರೆ ಚೀಲದಲ್ಲಿ ಕೊಟ್ಟಿದ್ದೇನೆ. ರಕ್ತದ ಡಬ್ಬದಲ್ಲಿ ತಿಂಡಿ ಇಡಬಾರದು, ಅದು ನಿನಗೂ ಗೊತ್ತಿರಲಿ. ಭಾಯಿ ಸಂಜೆಗೆ ಅಂತ ಅರ್ಧ ಎತ್ತಿಟ್ಟುಕೊಂಡಿದ್ದರೆ ಕೇಳಬೇಡ, ಅವರಿಗೆ ರೋಜಾ ಉಪವಾಸ.

ನಿನ್ನ ಪೆದ್ದಮ್ಮ,
ಬಾಲಮಣಿ

*

ತುರ್ಕಪಲ್ಲಿ
ಮಂಗಳವಾರ, 4 ಸೆಪ್ಟೆಂಬರ್ 2012

ಪೆದ್ದಮ್ಮಾ,

ನೀನು ಹೇಳಿದ್ದೇ ಸರಿ. ಎರಡನೇ ಸಲ ಮಾಡಿದ್ದೂ ಸತ್ತಿದೆ. ಒಂದೇ ತಟ್ಟೆ, ಒಂದೇ ರಕ್ತ. ಮೇಲಿನ ಸಾಲಿನಲ್ಲಿ ಎಚ್ ಒನ್ ಬಲೆ ನೇಯ್ದ ಹಾಗೆ ಹಿಡಿದಿದೆ. ಕೆಳಗಿನ ಸಾಲಿನಲ್ಲಿ ನನ್ನದು, ಹನ್ನೆರಡೂ ಗುಳಿಯಲ್ಲಿ ಹಣೆಗಿಟ್ಟ ಕುಂಕುಮದ ಹಾಗೆ ದುಂಡಗೆ. ಒಂದರಲ್ಲೂ ಅಂಚು ಹರಡಿಲ್ಲ. ಅರ್ಧಂಬರ್ಧ ಸತ್ತದ್ದಾದರೆ ಎಲ್ಲಕ್ಕಿಂತ ಗಟ್ಟಿ ಸರಕಿರುವ ಮೊದಲ ಗುಳಿಯಲ್ಲಾದರೂ ಚೂರು ಹಿಡಿಯಬೇಕಿತ್ತು ಅಲ್ಲವಾ? ಇಷ್ಟು ಅಚ್ಚುಕಟ್ಟಾಗಿ ಸಾಯುವುದು ಹೇಗೆ ಅಂತ ನನಗೆ ಗೊತ್ತಾಗುತ್ತಿಲ್ಲ.

ಸಾರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈ ತಿಂಗಳು ಇಪ್ಪತ್ತಕ್ಕೆ ದಿಲ್ಲಿಗೆ ಆಗಲ್ಲ ಅಂತ ಬರೆದುಬಿಡೋಣಮ್ಮ. ಎರಡನ್ನೂ ಬ್ಲೀಚಿಗೆ ಸುರಿದು ರಿಜಿಸ್ಟರಿನಲ್ಲಿ ನಿಷ್ಕ್ರಿಯ ಅಂತ ಬರಿ" ಅಂದರು. ಅವರು ಪತಂಗದ ಕೋಶಗಳ ಪಂಡಿತರು, ಫ್ಲೂ ಅವರಿಗೂ ಹೊಸದು. ಅವರಿಗೆ ಇರುವ ಆಧಾರವೂ ನಿನ್ನ ಹುಂಜ ಒಂದೇ.

ಅಮ್ಮನಿಗೆ ನಾನಿನ್ನೂ ಹೇಳಿಲ್ಲ. ನೀನೂ ಹೇಳಬೇಡ.

ಝಾನ್ಸಿ

*

ಮಲ್ಕಾಜ್‌ಗಿರಿ
ಮಂಗಳವಾರ, 11 ಸೆಪ್ಟೆಂಬರ್ 2012

ಝಾನ್ಸಿ,

ಸುರಿಯಬೇಡ. ಮುಂದಿನ ಮಂಗಳವಾರದವರೆಗೆ ಏನಾದರೂ ನೆಪ ಹೇಳಿ ತಡೆ. ಬ್ಲೀಚ್ ಮುಗಿದಿದೆ ಅನ್ನು.

ಹನ್ನೆರಡೂ ಗುಳಿಯಲ್ಲಿ ದುಂಡಗೆ ಅಂತ ಬರೆದೆಯಲ್ಲ, ಅಂಥದ್ದನ್ನು ನಾನು ಒಂದು ಸಲ ನೋಡಿದ್ದೇನೆ. ಇವತ್ತು ಅದಕ್ಕಿಂತ ಹೆಚ್ಚು ಬರೆಯಲು ಕೈ ಬರುತ್ತಿಲ್ಲ.

ಬಾಲಮಣಿ

*

ಮಲ್ಕಾಜ್‌ಗಿರಿ
ಮಂಗಳವಾರ, 18 ಸೆಪ್ಟೆಂಬರ್ 2012

ಚಿರಂಜೀವಿ ಝಾನ್ಸಿಗೆ,

ಈ ಸಲ ಡಬ್ಬದಲ್ಲಿ ಎರಡು ಬಾಟಲಿ ಇವೆ. ಕೆಂಪು ದಾರ ಕಟ್ಟಿದ್ದು ದೊರೆಯದು. ಬಿಳಿ ದಾರದ್ದು ಕೋಳಿಯದಲ್ಲ, ಗಿನಿ ಹಂದಿಯದು. ಮೊದಲು ಎರಡನ್ನೂ ಒಳಗಿಟ್ಟು ಬಾ. ಇದನ್ನು ಓದಿ ಮುಗಿಸುವ ಹೊತ್ತಿಗೆ ನಿನಗೆ ನನ್ನ ಮೇಲಿನ ಗೌರವ ಒಂದು ತೂಕ ಇಳಿದಿರುತ್ತದೆ. ಇಳಿಯಲಿ.

ಹನ್ನೆರಡು ವರ್ಷದ ಹಿಂದೆ ಒಂದು ಚಳಿಗಾಲ. ಒಂದು ಹಾಸ್ಟೆಲಿನ ಹೆಣ್ಣುಮಕ್ಕಳಿಗೆಲ್ಲ ಜ್ವರ ಬಂತು ಅಂತ ಅವರ ಗಂಟಲ ದ್ರವ ನಮ್ಮಲ್ಲಿಗೆ ಬಂದಿತ್ತು. ಡಾಕ್ಟರು ಅದರಲ್ಲಿ ವೈರಸ್ ಬೆಳೆಸಿ ತಟ್ಟೆಗೆ ಹಾಕಿಸಿದರು. ಆಗ ನಮ್ಮಲ್ಲಿ ತಟ್ಟೆ ಓದುವವರು ಇಬ್ಬರು. ಕೋಳಿ ರಕ್ತಕ್ಕೆ ನಾನು, ಗಿನಿ ಹಂದಿ ರಕ್ತಕ್ಕೆ ಮಾರ್ತಮ್ಮ. ಅವಳು ನನಗಿಂತ ಆರು ವರ್ಷ ಚಿಕ್ಕವಳು, ನನ್ನ ಹಾಗೆಯೇ ಗಾಜು ತೊಳೆಯಲು ಬಂದು ನೋಡಿ ನೋಡಿ ಕಲಿತವಳು. ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದೆವು.

ನನ್ನ ತಟ್ಟೆಯಲ್ಲಿ ಎಲ್ಲ ಗುಳಿಯೂ ದುಂಡಗೆ. ಏನೂ ಇಲ್ಲ ಅಂದೆ. ಅವಳು ತನ್ನದರಲ್ಲಿ ಜಾಲ ಕಟ್ಟಿದೆ, ವೈರಸ್ ಇದೆ ಅಂದಳು. ದೊಡ್ಡ ಆಫೀಸರು ನನ್ನ ಕಡೆ ತಿರುಗಿ, "ಏನು ಬಾಲಮಣೀ, ಯಾರದ್ದು ನಿಜ?" ಅಂದರು.

ಗಿನಿ ಹಂದಿಯ ರಕ್ತಕಣ ಹಗುರ, ತಳ ಸೇರಲು ಕೋಳಿಯದಕ್ಕಿಂತ ಎರಡರಷ್ಟು ಹೊತ್ತು ಬೇಕು. ಅವಸರದಲ್ಲಿ ಓದಿದರೆ ಏನೂ ಇಲ್ಲದ ಗುಳಿಯೂ ಹರಡಿದ ಹಾಗೆ ಕಾಣುತ್ತದೆ. ಅದು ನನಗೆ ಗೊತ್ತಿತ್ತು. "ಸಾರ್, ಇವಳು ಕೂರುವ ಮುಂಚೆ ಓದಿಬಿಟ್ಟಿದ್ದಾಳೆ" ಅಂದೆ.

ಝಾನ್ಸಿ, ಅವಳು ಗೋಡೆ ಗಡಿಯಾರದ ಕೆಳಗೆ ಒಂದು ಗಂಟೆ ಪೂರ್ತಿ ಕೈಕಟ್ಟಿ ಕೂತಿದ್ದಳು. ನಾನು ನೋಡಿದ್ದೆ. ಕೋಳಿ ತಪ್ಪಾಗಲು ಸಾಧ್ಯವಿಲ್ಲ, ಆದ್ದರಿಂದ ಅವಳೇ ಏನೋ ತಪ್ಪು ಮಾಡಿರಬೇಕು ಅಂತ ನನ್ನ ಲೆಕ್ಕ. ಆಫೀಸರು ನನ್ನ ಮಾತು ನಂಬಿದರು. ಅವತ್ತಿನಿಂದ ಮಾರ್ತಮ್ಮನಿಗೆ ಪಂಜರ ತೊಳೆಯುವ ಕೆಲಸ ಮಾತ್ರ. ತಟ್ಟೆ ಮುಟ್ಟಿಸಲಿಲ್ಲ. ಒಂದೇ ಕಾಂಪೌಂಡಿನಲ್ಲಿ ಹನ್ನೆರಡು ವರ್ಷ, ಒಬ್ಬರ ಮುಖ ಒಬ್ಬರು ನೋಡಿಲ್ಲ.

ನಿನ್ನ ಕಾಗದ ಬಂದ ಮೇಲೆ ಒಂದು ವಾರ ಅವಳ ಬಾಗಿಲವರೆಗೆ ಹೋಗಿ ಹೋಗಿ ವಾಪಸ್ ಬಂದೆ. ಕೊನೆಗೆ ಶನಿವಾರ ಎಲೆಕೋಸಿನ ಹೊರ ಎಲೆಗಳನ್ನು ಒಂದು ಮಂಕರಿ ತುಂಬಿಕೊಂಡು ಗಿನಿ ಹಂದಿ ಮನೆಗೆ ಹೋದೆ. ಅವಳು ಬಾಗಿಲಿಗೆ ಬೆನ್ನು ಹಾಕಿ ಪಂಜರ ಉಜ್ಜುತ್ತಿದ್ದಳು. ನನ್ನ ನೆರಳು ಕಂಡು ತಿರುಗಿ, ಇಡೀ ಕಾಂಪೌಂಡಿಗೆ ಕೇಳುವ ಹಾಗೆ ಕೂಗಿದಳು.

"ಯಾರದು? ಹುಂಜದ ಮನೆ ಮಹಾರಾಣಿನಾ? ಇತ್ಲಾಗೆ ದಾರಿ ತಪ್ಪಿತೇನಮ್ಮಾ?"

"ಕೂತ್ಕೊಳ್ಲಾ?" ಅಂದೆ.

"ನನ್ನ ಕೇಳಿ ಕೂತ್ಕೊಳ್ಳೋರಾ ನೀವು?"

ಕೂತೆ. ಹನ್ನೆರಡೂ ಗುಳಿ, ಎಚ್ ಒನ್, ಎಚ್ ತ್ರೀ, ನೀನು ಬರೆದದ್ದನ್ನೆಲ್ಲ ಹೇಳಿದೆ. "ಮಾರ್ತಾ, ಅವತ್ತು ನೀನು ಗಂಟೆ ಪೂರ್ತಿ ಕೂತಿದ್ದೆ. ನಾನು ನೋಡಿದ್ದೆ" ಅಂದೆ. ಅವಳು ಏನೋ ಅಂದಳು. ನನಗೆ ಕೇಳಿಸಲಿಲ್ಲ. ಬಲಗಿವಿಯ ಹತ್ತಿರ ಬಂದು ಕೂಗಿದಳು:

"ನಿನಗೆ ಕಿವಿ ಕೇಳೋವಾಗಲೇ ಬರಬಾರದಿತ್ತಾ? ಈಗ ಹೊಟ್ಟೆ ತುಂಬ ಬೈಯೋಣ ಅಂದ್ರೂ ಅರ್ಧ ಗಾಳಿಗೆ ಹೋಗುತ್ತೆ!"

"ಬರೆದು ಕೊಡು" ಅಂದೆ.

ಪಂಜರದ ನಂಬರು ಬರೆಯುವ ಸೀಮೆಸುಣ್ಣದ ಕಡ್ಡಿ ತಗೊಂಡು ಹಲಗೆಯ ಮೇಲೆ ದೊಡ್ಡದಾಗಿ "ಕತ್ತೆ" ಅಂತ ಬರೆದು ನನ್ನ ಮುಖಕ್ಕೆ ಹಿಡಿದಳು. ಆಮೇಲೆ ಸೆರಗಿನಲ್ಲಿ ತಾನೇ ಒರೆಸಿದಳು. ಗಿನಿ ಹಂದಿಗಳು ಎಲೆಕೋಸು ಕಂಡು ಪಂಜರದ ಕಂಬಿಗೆ ಮೂತಿ ಒತ್ತುತ್ತಿದ್ದವು.

"ಆ ಹುಡುಗಿ ಯಾರು?" ಅಂದಳು.

"ನನ್ನ ತಂಗಿ ಮಗಳು. ಗುರುವಾರ ಅವಳ ಸರಕೆಲ್ಲ ಬ್ಲೀಚಿಗೆ."

"ನಿನ್ನ ಸಲುವಾಗಿ ಅಲ್ಲ" ಅಂತ ಹೇಳಿ ಎದ್ದಳು.

ಅವಳು ಇವತ್ತು ಬೆಳಿಗ್ಗೆ ಡಾಕ್ಟರ ಎದುರೇ ತೆಗೆಸಿಕೊಟ್ಟ ರಕ್ತ ಇದು. ಬಾಟಲಿಗೆ ಸುತ್ತಿದ ಚೀಟಿ ಅವಳದೇ ಬರಹ. ಅದರಲ್ಲಿದ್ದ ಹಾಗೆ ಮಾಡು, ನನ್ನ ಮಾತು ಕೇಳಬೇಡ. ಹೊಸ ಕಾಲದ ಎಚ್ ತ್ರೀ ಕೋಳಿಯನ್ನು ಹಿಡಿಯುವುದನ್ನೇ ಬಿಟ್ಟಿದೆಯೋ ಏನೋ ಅಂತ ಅವಳ ಅನುಮಾನ. ನಿಮ್ಮ ಸಾರಿಗೆ ಹೇಳಿ ಪುಸ್ತಕದಲ್ಲಿ ಹುಡುಕಿಸು. ನಾನು ಅದನ್ನು ಹನ್ನೆರಡು ವರ್ಷದ ಹಿಂದೆ ಹುಡುಕಿಸಬೇಕಿತ್ತು.

ನಿನ್ನ ಪೆದ್ದಮ್ಮ

*

ತುರ್ಕಪಲ್ಲಿ
ಬುಧವಾರ, 19 ಸೆಪ್ಟೆಂಬರ್ 2012

ಪೆದ್ದಮ್ಮಾ,

ಮಂಗಳವಾರದವರೆಗೆ ಕಾಯಲು ಆಗಲ್ಲ. ಇವತ್ತು ಚೌತಿ, ಅಂಚೆ ಕಚೇರಿ ಮುಚ್ಚಿದೆ. ನಾಳೆ ಬೆಳಿಗ್ಗೆ ಮೊದಲ ಕೆಲಸ ಇದನ್ನು ಅಂಚೆಗೆ ಹಾಕುವುದು.

ಚೀಟಿಯಲ್ಲಿ ಮೂರೇ ಸಾಲು ಇತ್ತು. "ಗುಂಡು ತಳದ ತಟ್ಟೆ. ಒಂದು ಗಂಟೆ. ನಡುವೆ ಯಾರೂ ಮುಟ್ಟಬಾರದು, ಸಾಹೇಬರೂ ಸೇರಿ." ಅದನ್ನು ಮೇಜಿನ ಮೇಲಿನ ಗೋಡೆಗೆ ಅಂಟಿಸಿದೆ.

ನಿನ್ನೆ ಮಧ್ಯಾಹ್ನ ರಕ್ತ ತೊಳೆದು ತಟ್ಟೆಗೆ ಹಾಕಿದೆ. ಕರುಣಾಕರ್ ಸಾರ್ ಪಕ್ಕದಲ್ಲೇ ನಿಂತರು, ಕಾಲ ಹತ್ತಿರ ಬ್ಲೀಚಿನ ಕ್ಯಾನು. ಅರ್ಧ ಗಂಟೆ ಆಯಿತು. ಬಗ್ಗಿ ನೋಡಿದರೆ ಎಲ್ಲ ಗುಳಿಯೂ ಹರಡಿಕೊಂಡಿದೆ. ಗೆದ್ದೆ ಅಂದುಕೊಂಡೆ. ಆಮೇಲೆ ಕಂಡಿತು, ಸರಕೇ ಹಾಕದೆ ಬರೀ ಉಪ್ಪುನೀರು ಬಿಟ್ಟಿದ್ದ ಗುಳಿಗಳೂ ಹಾಗೇ ಹರಡಿವೆ!

ಸಾರ್ ಕನ್ನಡಕ ತೆಗೆದರು. "ಖಾಲಿ ಗುಳಿನೂ ಹಿಡಿದಿದೆ ಅಂದ್ರೆ ಈ ರಕ್ತಕ್ಕೆ ಅರ್ಥವಿಲ್ಲಮ್ಮ. ಸಾಕು. ಕೊಡಿಲ್ಲಿ."

"ಸಾರ್, ಮುಟ್ಟಬೇಡಿ!"

ನಾನು ಅವರ ಮೇಲೆ ದನಿ ಎತ್ತಿದ್ದು ಇದೇ ಮೊದಲು. ಗೋಡೆಯ ಚೀಟಿ ತೋರಿಸಿದೆ. ಓದಿದರು.

"ಸಾಹೇಬರೂ ಸೇರಿ ಅಂದ್ರೆ ನಾನಾ?"

"ಹೌದು ಸಾರ್."

"ಬರೆದೋರು ಯಾರು?"

"ಈ ತಟ್ಟೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತಿರೋರು."

ಅವರು ಸ್ಟೂಲು ಎಳೆದುಕೊಂಡು ಕೂತರು. ಪೆದ್ದಮ್ಮಾ, ಆ ಅರ್ಧ ಗಂಟೆ ನಾನು ನನ್ನ ಬದುಕಿನಲ್ಲಿ ಮರೆಯಲ್ಲ. ಮೊದಲು ಖಾಲಿ ಗುಳಿಗಳ ಅಂಚು ಸ್ವಲ್ಪ ತೆಳುವಾಯಿತು. ಆಮೇಲೆ ನಿಧಾನಕ್ಕೆ, ಎಷ್ಟು ನಿಧಾನ ಅಂದರೆ ಕಣ್ಣು ನೋಯುವಷ್ಟು, ಕೆಂಪೆಲ್ಲ ನಡುವಿಗೆ ಸರಿದು ಒಂದು ಉಂಗುರ ಆಯಿತು. ಖಾಲಿ ಗುಳಿಗಳಲ್ಲಿ ಮಾತ್ರ. ನನ್ನ ಸಾಲು ಹರಡಿದ್ದು ಹರಡಿದ ಹಾಗೇ ಇತ್ತು! ಒಂದು, ಎರಡು, ಮೂರು... ಏಳನೇ ಗುಳಿಯವರೆಗೆ. ಎರಡೂ ಸಲ ಮಾಡಿದ ಸರಕು ಹಿಡಿದಿದೆ. ಅವು ಯಾವತ್ತೂ ಸತ್ತಿರಲಿಲ್ಲ. ಅದೇ ಹೊತ್ತಿಗೆ ದೊರೆಯ ರಕ್ತದ ತಟ್ಟೆಯಲ್ಲಿ ಎಂದಿನಂತೆ ದುಂಡು ಚುಕ್ಕೆ.

ಸಾರ್ ಆ ಕ್ಯಾನನ್ನು ತಾವೇ ಎತ್ತಿಕೊಂಡು ಹೋಗಿ ಉಗ್ರಾಣದಲ್ಲಿಟ್ಟು ಬಂದರು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಒಂದು ತಾಸು ಓದಿದರು. ಮಾರ್ತಮ್ಮ ಅವರ ಅನುಮಾನ ನಿಜ. ಈಚಿನ ವರ್ಷಗಳ ಎಚ್ ತ್ರೀ ಕೋಳಿಯ ರಕ್ತವನ್ನು ಹಿಡಿಯುವುದಿಲ್ಲವಂತೆ, ಗಿನಿ ಹಂದಿಯದನ್ನು ಹಿಡಿಯುತ್ತದಂತೆ. ಎಷ್ಟೋ ಜನ ಬರೆದಿದ್ದಾರೆ. ನಾವು ಪರೀಕ್ಷೆಯ ಹಳೇ ವಿಧಾನ ಹಿಡಿದುಕೊಂಡು ಕೂತಿದ್ದೆವು.

ನನ್ನ ಗೌರವ ಎಷ್ಟು ಇಳಿಯಿತು ಅಂತ ತೂಗಿ ನೋಡಿದೆ. ಮುಳ್ಳು ಅಲ್ಲಾಡಿತು, ಸುಳ್ಳು ಹೇಳಲ್ಲ. ಆದರೆ ಆ ಮಂಕರಿ ಹೊತ್ತುಕೊಂಡು ಹೋದೆಯಲ್ಲ, ಅದನ್ನೂ ತೂಕಕ್ಕೆ ಹಾಕಿದ್ದೇನೆ.

ರಾತ್ರಿ ಹಾಸ್ಟೆಲಿನಲ್ಲಿ ಎರಡು ತಟ್ಟೆ ಅನ್ನ ಉಂಡೆ.

ನಿನ್ನ ಝಾನ್ಸಿ

*

ಮಲ್ಕಾಜ್‌ಗಿರಿ
ಮಂಗಳವಾರ, 25 ಸೆಪ್ಟೆಂಬರ್ 2012

ಚಿರಂಜೀವಿ ಝಾನ್ಸಿಗೆ,

ನಿನ್ನ ಕಾಗದ ಶುಕ್ರವಾರ ಬಂತು. ಓದಿ ಮುಗಿಸಿ ಅಲ್ಲೇ ಕೋಳಿಗಳ ನಡುವೆ ಕಾಳಿನ ಮೂಟೆಯ ಮೇಲೆ ಕೂತುಬಿಟ್ಟೆ. ಎದೆಯಿಂದ ಯಾರೋ ರುಬ್ಬುಗುಂಡು ಎತ್ತಿದ ಹಾಗಾಯಿತು. ದೊರೆ ಬಂದು ನನ್ನ ಕಾಲುಂಗುರ ಕುಕ್ಕಿದ. "ಹೋಗಯ್ಯಾ, ನಿನ್ನಿಂದಲೇ ಇಷ್ಟೆಲ್ಲ ಆಗಿದ್ದು" ಅಂದೆ. ಅವನಿಗೆ ಏನೂ ಅನ್ನಿಸಿದ ಹಾಗಿರಲಿಲ್ಲ. ಅವನದೇನು ತಪ್ಪು ಪಾಪ, ಅವನು ತನಗೆ ಕಂಡದ್ದನ್ನೇ ಹೇಳಿದ್ದ.

ಕಾಗದವನ್ನು ಮಾರ್ತಮ್ಮನ ಕೈಗೆ ಕೊಟ್ಟೆ. ನಿಂತುಕೊಂಡೇ ಓದಿದಳು. "ಸಾಹೇಬರೂ ಸೇರಿ" ಅನ್ನುವಲ್ಲಿಗೆ ಬಂದಾಗ ನಕ್ಕಳು. ಆ ನಗು ನಾನು ಕೊನೆಗೆ ಕೇಳಿದ್ದು ನನ್ನ ಎರಡೂ ಕಿವಿ ಗಟ್ಟಿ ಇದ್ದಾಗ. ಈಗ ಕೇಳಿಸಲಿಲ್ಲ, ಭುಜ ಅಲ್ಲಾಡಿದ್ದು ನೋಡಿದೆ.

ಆಮೇಲೆ ನಾನು ನಮ್ಮ ಈಗಿನ ಡಾಕ್ಟರ ಹತ್ತಿರ ಹೋಗಿ ಆ ಚಳಿಗಾಲದ ರಿಜಿಸ್ಟರು ತೆಗೆಸಿದೆ. ನನ್ನ ಸಹಿ ಇದೆ, "ವೈರಸ್ ಇಲ್ಲ" ಅಂತ ಇದೆ. ಅದರ ಕೆಳಗೆ ಇವತ್ತಿನ ತಾರೀಕು ಹಾಕಿ, ಮಾರ್ತಮ್ಮ ಒಂದು ಗಂಟೆ ಕಾದೇ ಓದಿದ್ದಳು, ಅವಳ ಓದು ಸರಿ ಇದ್ದಿರಬೇಕು, ನನ್ನ ಮಾತು ಸುಳ್ಳು ಅಂತ ಬರೆದು ಇನ್ನೊಂದು ಸಹಿ ಹಾಕಿದೆ. ಡಾಕ್ಟರು, "ಈಗ ಯಾಕೆ ಬಾಲಮಣಮ್ಮಾ, ಯಾರು ನೋಡ್ತಾರೆ ಇದನ್ನ?" ಅಂದರು. "ನೋಡೋಳು ಹೊರಗೆ ನಿಂತಿದ್ದಾಳೆ" ಅಂದೆ.

ಇನ್ನು ಒಂದು ಮಾತು. ನಿನ್ನ ಕೆಲಸಕ್ಕೆ ಇನ್ನು ಮೇಲೆ ಗಿನಿ ಹಂದಿಯ ರಕ್ತವೇ ಬೇಕು, ಕೋಳಿಯದಲ್ಲ. ಅಂದಮೇಲೆ ಡಬ್ಬ ಅವಳ ಬಾಗಿಲಿಗೆ ಹೋಗುವುದೇ ನ್ಯಾಯ. ಇಸ್ಮಾಯಿಲ್ ಭಾಯಿಗೆ ಹೇಳಿದ್ದೇನೆ. ಡಬ್ಬವಿಲ್ಲದೆ ಕಾಗದ ಬರೆಯುವ ಅಭ್ಯಾಸ ನನಗೆ ಇರುತ್ತದೋ ಇಲ್ಲವೋ. ಇರಲಿ, ನಿನ್ನ ಕೆಲಸ ಉಳಿಯಿತಲ್ಲ, ಅದು ಮುಖ್ಯ.

ನಿನ್ನ ಪೆದ್ದಮ್ಮ,
ಬಾಲಮಣಿ

*

ತುರ್ಕಪಲ್ಲಿ
ಮಂಗಳವಾರ, 9 ಅಕ್ಟೋಬರ್ 2012

ಪೆದ್ದಮ್ಮಾ,

ಸರಕು ದಿಲ್ಲಿಗೆ ಹೋಯಿತು. ಅವರೂ ಪರೀಕ್ಷೆ ಮಾಡಿ ಚೆನ್ನಾಗಿದೆ ಅಂತ ಬರೆದಿದ್ದಾರೆ. ನಿನ್ನೆ ಸಾರ್ ಕರೆದು ಕಾಗದ ಕೊಟ್ಟರು, ಖಾಯಂ! ಅಮ್ಮನಿಗೆ ಹೇಳಿದರೆ "ಹಾಗಾದ್ರೆ ಮೂರನೇ ಕ್ಲಾಸಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ ಅಂತ ಹೇಳ್ಬೇಕಲ್ಲೇ, ನಾಚಿಕೆ" ಅಂತ ಬೈದು ಆಮೇಲೆ ಅತ್ತಳು.

ಡಬ್ಬದ ವಿಚಾರ. ನೀನು ಅಷ್ಟು ದೊಡ್ಡ ತ್ಯಾಗ ಮಾಡಬೇಕಾಗಿಲ್ಲ. ಎಚ್ ಒನ್‌ಗೆ ದೊರೆಯೇ ಬೇಕು, ಆ ಬೇಡಿಕೆಯೂ ಬಂದಿದೆ. ಆದ್ದರಿಂದ ನಡುವೆ ಅಡ್ಡಗೋಡೆ ಇರುವ ದೊಡ್ಡ ಡಬ್ಬ ತರಿಸಿದ್ದೇವೆ. ಒಂದು ಕಡೆ ಕೆಂಪು ದಾರ, ಒಂದು ಕಡೆ ಬಿಳಿ ದಾರ. ಮುಚ್ಚಳದಡಿಯ ಜಾಗ ಎಂದಿನಂತೆ ನಿನ್ನದು. ಈ ಸಲ ಅದು ಖಾಲಿ ಬಂತು, ನನಗೆ ಚೂರೂ ಹಿಡಿಸಲಿಲ್ಲ.

ಇನ್ನೊಂದು. ಮುಂದಿನ ಮಂಗಳವಾರ ಹೊಸ ಸರಕಿನ ತಟ್ಟೆ ಇದೆ. ಅದನ್ನು ಓದಲು ಮಾರ್ತಮ್ಮ ಅವರೇ ಬರಬೇಕು ಅಂತ ಸಾರ್ ಕೇಳಿಕೊಂಡಿದ್ದಾರೆ. ನಿಮ್ಮ ಡಾಕ್ಟರಿಗೂ ಬರೆದಿದ್ದಾರೆ. ವ್ಯಾನಿನಲ್ಲಿ ಇಸ್ಮಾಯಿಲ್ ಭಾಯಿ ಪಕ್ಕದ ಸೀಟು ಅವರಿಗೆ. ನೀನೇ ಹೋಗಿ ಕರೆ.

ನಿನ್ನ ಝಾನ್ಸಿ

*

ಮಲ್ಕಾಜ್‌ಗಿರಿ
ಬುಧವಾರ, 17 ಅಕ್ಟೋಬರ್ 2012

ಚಿರಂಜೀವಿ ಝಾನ್ಸಿಗೆ,

ಇದು ಡಬ್ಬದ ದಿನವಲ್ಲ, ಅಂಚೆಗೇ ಹಾಕುತ್ತೇನೆ. ನಿನ್ನ ಅವಸರ ನನಗೂ ಹತ್ತಿದೆ.

ಮೊದಲು ಅವಳು ಬರುವುದಿಲ್ಲ ಅಂದಳು. "ಕಣ್ಣು ಮಂಜಾಗಿದೆ, ಕೈ ನಡುಗುತ್ತೆ, ಆ ದೊಡ್ಡೋರ ಮುಂದೆ ನಾನೇನು ಓದಲಿ" ಅಂದಳು. ನಾನು ಹಲಗೆ ತಗೊಂಡು "ಕತ್ತೆ" ಅಂತ ಬರೆದು ಅವಳ ಮುಖಕ್ಕೆ ಹಿಡಿದೆ. ನಿನ್ನೆ ಬೆಳಿಗ್ಗೆ ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟು, ಡಬ್ಬವನ್ನು ಹಿಂದೆ ಇಡಲು ಬಿಡದೆ ತೊಡೆಯ ಮೇಲೆ ಇಟ್ಟುಕೊಂಡು ವ್ಯಾನಿನಲ್ಲಿ ಕೂತಳು. ಇಸ್ಮಾಯಿಲ್ ಭಾಯಿ ಅವಳಿಗೆ ಬಾಗಿಲು ತೆಗೆದು ಸಲಾಂ ಹೊಡೆದರು. ನನಗೆ ಯಾವತ್ತೂ ಹೊಡೆದಿಲ್ಲ.

ಸಂಜೆ ನಮ್ಮ ಕೇರಿಯ ಹೆಣ್ಣುಮಕ್ಕಳು ಬತುಕಮ್ಮಕ್ಕೆ ತಂಗೇಡು ಹೂವು ಜೋಡಿಸುತ್ತಿದ್ದರು. ನಾನು ಕಣ್ಣು ರಸ್ತೆಯ ಮೇಲಿಟ್ಟುಕೊಂಡು ಒಂದೇ ಸುತ್ತನ್ನು ಮೂರು ಸಲ ಕೆಡಿಸಿ ಬೈಸಿಕೊಂಡೆ. ಅಷ್ಟರಲ್ಲಿ ವ್ಯಾನು ನಮ್ಮ ಮನೆ ಮುಂದೆಯೇ ನಿಂತಿತು. ಅವಳು ಇಳಿದು ಯಾರ ಕಡೆಗೂ ನೋಡದೆ ನೆಟ್ಟಗೆ ನನ್ನ ಹತ್ತಿರ ಬಂದಳು. ಕೈಚೀಲದಿಂದ ಒಂದು ಕಾಗದ ತೆಗೆದು ಬಿಚ್ಚಿದಳು. ನೀನು ನಿಮ್ಮ ರಿಜಿಸ್ಟರಿನ ಹಾಳೆಯನ್ನು ನಕಲು ತೆಗೆದು ಕೊಟ್ಟಿದ್ದೆಯಲ್ಲ, ಅದು. ಸರಕಿನ ಹೆಸರು, ತಾರೀಕು, ಹೊತ್ತು. ಕೊನೆಯ ಕಾಲಂನಲ್ಲಿ, ತಟ್ಟೆ ಓದಿದವರು ಅನ್ನುವ ಜಾಗದಲ್ಲಿ, ಬಳಪ ಹಿಡಿದು ಬರೆದ ಹಾಗೆ ದೊಡ್ಡ ದೊಡ್ಡ ಅಕ್ಷರದಲ್ಲಿ ಅವಳ ಹೆಸರು.

ನಾನು ಅದನ್ನೇ ನೋಡುತ್ತ ನಿಂತೆ. ಅವಳು ನನ್ನ ಬಲಗಡೆಗೆ ಬಂದಳು. ಈ ಸಲ ಕೂಗಲಿಲ್ಲ. ಬಾಯಿಯನ್ನು ಕಿವಿಗೆ ಅಷ್ಟು ಹತ್ತಿರ ತಂದಳು, ಕೂಗುವ ಅಗತ್ಯವೇ ಬೀಳಲಿಲ್ಲ.

"ಕೂತ್ಕೋ ಅಕ್ಕಾ. ಎಲ್ಲ ಹೇಳ್ಬೇಕು ಅಂದ್ರೆ ಒಂದು ಗಂಟೆ ಆಗುತ್ತೆ."

ಹೂವು ಪಕ್ಕಕ್ಕೆ ಸರಿಸಿ ಅವಳಿಗೆ ಜಾಗ ಮಾಡಿ ಕೂತೆ.

ನಿನ್ನ ಪೆದ್ದಮ್ಮ,
ಬಾಲಮಣಿ